ಎರಡರಿಂದ ಭಾಗಿಸಿ

ಕಾಲೇಜಿನಲ್ಲಿ ಇರುವುದೊಂದೇ ಪ್ರೊಜೆಕ್ಟರು.
ರಿಜಿಸ್ಟರಿನಲ್ಲಿ ಮೂರು ಕಡೆ ಸಹಿ ಹಾಕಿ,
ರೈನ್‌ಕೋಟು ಅದಕ್ಕೆ ತೊಡಿಸಿ, ನಾನು ನೆನೆದು,
ಬಂದರಿನ ಫೆರಿಯಲ್ಲಿ ತೊಡೆಮೇಲೆ ಕೂರಿಸಿಕೊಂಡೆ.
"ಮಗುವಾ?" ಕೇಳಿದರು ಟಿಕೇಟು ಹರಿಯುವ ಇದಿನಬ್ಬಾಕ,
"ಅರ್ಧ ಕೊಡ್ಲಾ?"

ಬೆಂಗ್ರೆಯ ಶಾಲೆ. ಎಂಟನೇ ತರಗತಿ. ಪ್ರತಿಧ್ವನಿ.
ನನ್ನ ಪಾಠಯೋಜನೆಯ ಸಂಖ್ಯೆ ಹದಿನೇಳು,
'ತಂತ್ರಜ್ಞಾನದ ಬಳಕೆ' ಎಂಬ ಕಲಮಿಗೆ ಐದು ಅಂಕ.
ಹಿಂದಿನ ಬೆಂಚಿನಲ್ಲಿ ಮೊಂತೇರೊ ಮೇಡಂ
ಪೆನ್ನಿನ ಮುಚ್ಚಳ ತೆಗೆದೇ ಕೂತಿದ್ದಾರೆ.

ಪರದೆ ಇಲ್ಲವೆಂದು ಮೊದಲೇ ಗೊತ್ತಿತ್ತು.
ಅಪ್ಪನ ಪಂಚೆ ತಂದಿದ್ದೆ, ಮದುವೆಗಷ್ಟೇ ಉಡುವುದು,
ಗಂಜಿ ಹಾಕಿ ಇಸ್ತ್ರಿ ಮಾಡಿದ್ದು, ಹಸಿರು ಅಂಚಿನದು.
ಕರಿಹಲಗೆಯ ಮೇಲೆ ಎರಡು ಮೊಳೆಗೆ ಸಿಕ್ಕಿಸಿದರೆ
ಕೆಳಗಿನ ಅಂಚು ನೇರ ಸಮುದ್ರದ ತಳವಾಯಿತು.
ಹಡಗಿನಿಂದ ಒಂದು ಬಾಣ ಇಳಿದು
ತಳ ಮುಟ್ಟಿ ತಿರುಗಿ ಮೇಲೆ ಬರುವ ಹಾಗೆ
ರಾತ್ರಿ ಒಂದೂವರೆವರೆಗೆ ಕೂತು ಮಾಡಿದ್ದ ಅನಿಮೇಶನು.
ಕಿಟಕಿಯಿಂದ ಗಾಳಿ ನುಗ್ಗಿದ್ದೇ
ಹಡಗು, ನೀರು, ಬಾಣ ಎಲ್ಲ ಒಟ್ಟಿಗೆ ಹೊಟ್ಟೆ ಉಬ್ಬಿಸಿದವು.
ಮಕ್ಕಳು ನಕ್ಕರು. ನಾನೂ, ಮೇಡಂ ಕಡೆ ನೋಡದೆ.

"ಟೀಚರ್, ತಳ ಹಾಗೆ ಇರುದಿಲ್ಲ."
ಅನ್ಸೀಫ್. ಹಾಜರಿ ಪುಸ್ತಕದಲ್ಲಿ ಕೆಂಪು ಮಸಿಯೇ ಹೆಚ್ಚಿರುವ ಹುಡುಗ.
"ಉಪ್ಪನ ಬೋಟಿನಲ್ಲಿ ಫಿಶ್‌ಫೈಂಡರ್ ಉಂಟು.
ಮಳೆಗಾಲದ ರಜೆಯಲ್ಲಿ ನಮ್ಮ ಮಂಚದ ಅಡಿಯಲ್ಲೇ ಮಲಗುದು.
ತಳ ಅಂದ್ರೆ ಕೆಂಪು. ಕಲ್ಲಿದ್ದಲ್ಲಿ ದಪ್ಪ, ಕೆಸರಿದ್ದಲ್ಲಿ ತೆಳು.
ಮೀನು ಮೀನಿನ ಹಾಗೆ ಕಾಣುದೇ ಇಲ್ಲ, ಬಿಲ್ಲಿನ ಹಾಗೆ."

ತೋರಿಸು ಅಂದೆ. ಯೋಜನೆಯಲ್ಲಿ ಈ ಸಾಲು ಇಲ್ಲ.
ನನ್ನ ಡಬ್ಬಿಯಿಂದ ಸ್ಕೆಚ್ ಪೆನ್ನು ಎತ್ತಿಕೊಂಡವನು
ನಾನು ಅಯ್ಯೋ ಅನ್ನುವ ಮೊದಲು
ಅಪ್ಪನ ಪಂಚೆಯ ಮೇಲೆಯೇ ಎಳೆದ:
ಕಲ್ಲು, ಹೊಂಡ, ಕೆಸರು, ಬಂಗುಡೆಯ ಹಿಂಡು.
ಬೆಳಕು ಅವನ ಬೆನ್ನಿಗೂ ಬಿತ್ತು;
ಸಮವಸ್ತ್ರದ ಅಂಗಿಯಲ್ಲಿ ನನ್ನ ಬಾಣ ಇಳಿದು ಹತ್ತಿತು.
"ಬಲಬದಿಯದ್ದು ಈಗಿನದು ಟೀಚರ್.
ಎಡಕ್ಕೆ ಸರಿದದ್ದೆಲ್ಲ ಆಗಿಹೋದದ್ದು.
ಮುಂದೆ ಎಂತ ಉಂಟು ಅಂತ ಅದಕ್ಕೂ ಗೊತ್ತಿಲ್ಲ."

ಹಲಗೆಯ ಉಳಿದ ಮೂಲೆಯಲ್ಲಿ ಸೂತ್ರ ಬರೆದೆ:
ವೇಗ, ಕಾಲ, ಗುಣಿಸಿ, ಎರಡರಿಂದ ಭಾಗಿಸಿ.
ಎರಡರಿಂದ ಯಾಕೆ?
ಪ್ರಶ್ನೆ ಕೇಳಿ ಐದು ಸೆಕೆಂಡು ಕಾಯಬೇಕೆಂದು
ನೋಟ್ಸಿನಲ್ಲಿ ಓದಿದ್ದೆ;
ಆ ಐದು ಎಷ್ಟು ಆಳವೆಂದು ಅಲ್ಲಿ ಬರೆದಿರಲಿಲ್ಲ.
ಪ್ರೊಜೆಕ್ಟರಿನ ಫ್ಯಾನಿನ ಸದ್ದು. ಹೊರಗೆ ಯಾರದೋ ಎಂಜಿನ್ನು.

ಮೂರು ವಾರದಲ್ಲಿ ಹಾಜರಿಗಲ್ಲದೆ
ಬಾಯಿ ತೆರೆಯದ ಮೋಕ್ಷಿತಾ
ಡೆಸ್ಕಿಗೆ ಹೇಳುವ ಹಾಗೆ ಹೇಳಿದಳು:
"ಫೆರಿಯಲ್ಲಿ ಹೋಗಿ ಬಂದ್ರೆ ಎರಡು ಟಿಕೇಟು.
ಆದ್ರೆ ಹೊಳೆ ಒಂದೇ ಅಲ್ವಾ?"

ಆಗಲೇ ಕರೆಂಟು ಹೋಯಿತೆಂದು ಬರೆದರೆ
ಕತೆಗೆ ಚೆಂದ. ಹೋಗಲಿಲ್ಲ.
ಇಪ್ಪತ್ತೆರಡು ಸ್ಲೈಡುಗಳಲ್ಲಿ ಒಂಬತ್ತನೆಯದೇ
ಬೆಲ್ಲು ಹೊಡೆಯುವವರೆಗೂ ಉರಿಯಿತು,
ನನ್ನ ಬಾಣ ಅವನ ಕಲ್ಲಿಗೆ ತಾಗಿ ತಾಗಿ ತಿರುಗುತ್ತ.

ಮೇಡಂ ಬರೆದರು: ಪಾಠ ಅಪೂರ್ಣ. ಸಮಯದ ಕಡೆ ಗಮನವಿರಲಿ.
ಐದರಲ್ಲಿ ಮೂರು.
ಕೆಳಗೆ, ಬೇರೆ ಶಾಯಿಯಲ್ಲಿ: ಪಂಚೆ ಯಾರದು?

ವಾಪಸು ಫೆರಿಯಲ್ಲಿ ತೊಡೆಮೇಲೆ ಅದು ಇನ್ನೂ ಬಿಸಿ,
ಜ್ವರ ಬಿಡುತ್ತಿರುವ ಕೂಸಿನ ಹಾಗೆ.
ಇದಿನಬ್ಬಾಕನಿಗೆ ಪೂರ್ತಿ ಟಿಕೇಟೇ ಕೊಟ್ಟೆ.

ಕಲೆ ಹೋಗಲಿಲ್ಲ, ಸಾಬೂನಿಗೂ ಲಿಂಬೆಗೂ.
ಸುರತ್ಕಲ್ಲಿನ ಮದುವೆಗೆ ಅಪ್ಪ ಅದನ್ನೇ ಉಟ್ಟು ಹೋದರು,
ಬಂಗುಡೆಗಳನ್ನು ಒಳಮಡಿಕೆಗೆ ಸೇರಿಸಿ.
ಊಟಕ್ಕೆ ಕೂರುವಾಗ ಒಂದು ಚೂರು ಕೆಂಪು ತಳ
ಹೊರಗೆ ಇಣುಕಿತಂತೆ. ಪಕ್ಕದವರು ಕೇಳಿದರಂತೆ.
"ಮಗಳು ಟೀಚರ್" ಅಂದರಂತೆ,
ಪರೀಕ್ಷೆಗೆ ಇನ್ನೂ ನಾಲ್ಕು ತಿಂಗಳಿರುವಾಗಲೇ.